ಹಗುರ ವಸ್ತ್ರಕ್ಕೆ ಹಗುರ ಕೈ: ಕ್ರೇಪ್ ರೇಷ್ಮೆಯ ಆಯ್ಕೆ ಮತ್ತು ಆರೈಕೆ

ಅನ್ನ, ಅರಿವೆ, ಆಸರೆ ಎಂಬ ಮೂರು ಅಗತ್ಯಗಳಲ್ಲಿ ಅರಿವೆಗೆ ನಮ್ಮ ಹಿರಿಯರು ಎರಡನೆಯ ಸ್ಥಾನವನ್ನು ಕೊಟ್ಟಿದ್ದಾರೆ. ಅದು ಮೈಯನ್ನು ಮುಚ್ಚಿ ಚಳಿ-ಬಿಸಿಲುಗಳಿಂದ ಕಾಯುವುದಷ್ಟೇ ಅಲ್ಲ, ಉಟ್ಟವರ ನಡೆಗೆ ಒಂದು ಘನತೆಯನ್ನೂ ತರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಒಂದು ಪ್ರಕರಣವೇ ಇದ್ದು, ಯಾವ ಋತುವಿಗೆ ಯಾವ ವಸ್ತ್ರ ತಕ್ಕದ್ದೆಂಬ ವಿಚಾರ ಅಲ್ಲಿ ಬಂದಿದೆ. ಅರಿವೆಯನ್ನು ಅರಿತು ಉಡಬೇಕೆಂಬ ವಿವೇಕ ಈ ನಾಡಿಗೆ ಹೊಸತಲ್ಲ.

ಬಾಳೆಹೊಸೂರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಈ ಸೀಮೆ ಎರೆ ಹೊಲಗಳ ಸೀಮೆ, ಹತ್ತಿಯ ಸೀಮೆ. ಗದಗಿನ ಹತ್ತಿ ಪೇಟೆ, ಬೆಟಗೇರಿಯ ಮಗ್ಗಗಳು, ತುಸು ದೂರದ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇವೆಲ್ಲ ನಮ್ಮ ಮನೆಗಳಿಗೆ ತಲೆಮಾರುಗಳ ಪರಿಚಯ. ನಮ್ಮ ಅಜ್ಜಿಯರು ಸೆರಗಿನ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೇಕಾರನ ಕೈಗುಣವನ್ನು ಹೇಳಬಲ್ಲವರಾಗಿದ್ದರು. ಆದರೆ ಈಗ ಮದುವೆಯ ಜವಳಿಗೆಂದು ಗದಗಿಗೋ ಹುಬ್ಬಳ್ಳಿಗೋ ಹೋದವರ ಗಂಟಿನಲ್ಲಿ ಇನ್ನೊಂದು ಬಗೆಯ ವಸ್ತ್ರವೂ ಸೇರಿರುತ್ತದೆ. ಅದೇ ಕ್ರೇಪ್. ಮುಟ್ಟಿದರೆ ಮೃದು, ಎತ್ತಿದರೆ ಹಗುರ, ಉಟ್ಟರೆ ನೀರಿನಂತೆ ಇಳಿಯುವ ನೆರಿಗೆ. ಇದರ ಪರಿಚಯ ನಮ್ಮಲ್ಲಿ ಇನ್ನೂ ಇಳಕಲ್ಲಿನ ಪರಿಚಯದಷ್ಟು ಹಳತಾಗಿಲ್ಲ. ಆದುದರಿಂದಲೇ ಎರಡು ಬಗೆಯ ನಷ್ಟಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ರೇಷ್ಮೆಯ ಬೆಲೆಯನ್ನು ತೆತ್ತು ರೇಷ್ಮೆಯಲ್ಲದ್ದನ್ನು ತರುವುದು. ಇನ್ನೊಂದು, ನಿಜವಾದ ರೇಷ್ಮೆಯನ್ನೇ ತಂದು ಮೊದಲ ಒಗೆತದಲ್ಲಿಯೇ ಕೆಡಿಸಿಕೊಳ್ಳುವುದು. ಸಾಲ ಮಾಡಿ ಜವಳಿ ತರುವ ಮನೆಗೆ ಈ ಎರಡೂ ಸಣ್ಣ ನಷ್ಟಗಳಲ್ಲ.

ಹುರಿಯೇ ಇದರ ಜೀವ

ಸಂಸ್ಕೃತ ಕವಿಗಳು ‘ಚೀನಾಂಶುಕ’ವೆಂದು ರೇಷ್ಮೆಯನ್ನು ಕರೆದರು. ಕಾಳಿದಾಸನಲ್ಲಿ ಆ ಶಬ್ದವಿದೆ. ‘ರೇಷ್ಮೆ’ ಎಂಬ ನಮ್ಮ ಮಾತು ಪಾರಸಿಯಿಂದ ಬಂದದ್ದು. ‘ಕ್ರೇಪ್’ ಎಂಬುದು ಫ್ರೆಂಚ್ ಶಬ್ದವಾಗಿದ್ದು, ಅದರ ಬೇರು ಲ್ಯಾಟಿನ್ನಿನಲ್ಲಿ ಸುರುಳಿ ಸುರುಳಿಯಾದದ್ದು ಎಂಬರ್ಥವನ್ನು ಕೊಡುತ್ತದೆ. ಹೆಸರಿನಲ್ಲಿಯೇ ಇದರ ಲಕ್ಷಣವಿದೆ. ಕ್ರೇಪ್ ಎಂಬುದು ನೂಲಿನ ಜಾತಿಯ ಹೆಸರಲ್ಲ, ನೂಲನ್ನು ತಿರುಚಿ ನೇಯುವ ರೀತಿಯ ಹೆಸರು. ರೇಷ್ಮೆಯಿಂದಲೂ ಕ್ರೇಪ್ ಆಗುತ್ತದೆ, ರೇಯಾನಿನಿಂದಲೂ ಆಗುತ್ತದೆ, ಪಾಲಿಯೆಸ್ಟರಿನಿಂದಲೂ ಆಗುತ್ತದೆ. ಅಂಗಡಿಕಾರ ‘ಇದು ಕ್ರೇಪ್’ ಎಂದರೆ ಸುಳ್ಳಾಡಿದಂತೆ ಆಗುವುದಿಲ್ಲ. ಆದರೆ ‘ಯಾವುದರ ಕ್ರೇಪ್’ ಎಂದು ಕೇಳದಿದ್ದರೆ ನಾವು ಪೂರ್ತಿ ಸತ್ಯವನ್ನು ತಿಳಿದಂತೆಯೂ ಆಗುವುದಿಲ್ಲ.

ಇದರ ಒಳಗುಟ್ಟನ್ನು ತುಸು ನೋಡೋಣ. ಒಂದು ಒಳ್ಳೆಯ ರೇಷ್ಮೆಗೂಡಿನಿಂದ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಅಂತಹ ಕೆಲವು ಎಳೆಗಳನ್ನು ಕೂಡಿಸಿ ನೂಲು ಮಾಡುತ್ತಾರೆ. ಸಾಮಾನ್ಯ ಬಟ್ಟೆಗೆ ಈ ನೂಲನ್ನು ಅಲ್ಪಸ್ವಲ್ಪ ತಿರುಚಿದರೆ ಸಾಕು. ಕ್ರೇಪಿಗಾದರೋ ಹೊಕ್ಕಿನ ನೂಲನ್ನು ಒಂದು ಮೀಟರಿಗೆ 2000ದಿಂದ 3000 ಸುತ್ತುಗಳವರೆಗೆ ಬಿಗಿಯಾಗಿ ಹುರಿಗೊಳಿಸಬೇಕು. ಎರಡು ಎಳೆ ಬಲಕ್ಕೆ ತಿರುಚಿದ್ದು, ಎರಡು ಎಳೆ ಎಡಕ್ಕೆ ತಿರುಚಿದ್ದು, ಹೀಗೆ ಸರದಿಯಂತೆ ಹೊಕ್ಕಿನಲ್ಲಿ ಹಾಯಿಸಿ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಬಿರುಸಾಗಿರುತ್ತದೆ. ಏಕೆಂದರೆ ಹಸಿ ರೇಷ್ಮೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಇದೇ ಅಂಟು. ಬಿಸಿನೀರು-ಸಾಬೂನುಗಳಲ್ಲಿ ಕುದಿಸಿ ಈ ಅಂಟನ್ನು ತೆಗೆದೊಡನೆ, ಅದುವರೆಗೆ ಕಟ್ಟಿಹಾಕಿದಂತಿದ್ದ ಹುರಿಗಳು ಬಿಡಿಸಿಕೊಳ್ಳಲು ಹವಣಿಸುತ್ತವೆ. ಬಲದ ಹುರಿ ಒಂದು ಕಡೆಗೆ, ಎಡದ ಹುರಿ ಇನ್ನೊಂದು ಕಡೆಗೆ ಸೆಳೆಯುತ್ತವೆ. ಆ ಸೆಳೆತದಿಂದ ಬಟ್ಟೆಯ ಮೈಮೇಲೆ ಏಳುವ ಕಣಕಣವಾದ ನವಿರು ಸುಕ್ಕೇ ಕ್ರೇಪಿನ ಚೆಲುವು. ಹಾಸು ಹೊಕ್ಕು ಎರಡರಲ್ಲಿಯೂ ಹುರಿನೂಲನ್ನೇ ಹಾಕಿದರೆ ಅದು ಜಾರ್ಜೆಟ್. ಅದಕ್ಕಿಂತಲೂ ತೆಳುವಾಗಿ, ಮೈ ಕಾಣುವಷ್ಟು ನವುರಾಗಿ ನೇಯ್ದರೆ ಶಿಫಾನ್.

ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿಯೇ ತಿಳಿಯುತ್ತದೆ. ಕ್ರೇಪಿನ ಜೀವ ಅದರ ಹುರಿಯಲ್ಲಿದೆ. ಹುರಿಯನ್ನು ಕಾಪಾಡುವುದೆಲ್ಲ ಆರೈಕೆ, ಹುರಿಯನ್ನು ಎಳೆದು, ಸುಟ್ಟು, ಹಿಂಡಿ ಕೆಡಿಸುವುದೆಲ್ಲ ಅನಾದರ.

ಮೈಸೂರಿನ ಕ್ರೇಪ್

ಕನ್ನಡ ನಾಡಿನಲ್ಲಿ ಕ್ರೇಪ್ ಎಂದೊಡನೆ ನೆನಪಿಗೆ ಬರುವುದು ಮೈಸೂರು ರೇಷ್ಮೆ. ಮೈಸೂರು ಸಂಸ್ಥಾನದಲ್ಲಿ ರೇಷ್ಮೆಯ ಕೃಷಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಚಾಲನೆ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿದರು. 1980ರಲ್ಲಿ ಆ ಕಾರ್ಖಾನೆಯೂ ತಿರುಮಕೂಡಲು ನರಸೀಪುರದ ನೂಲು ತೆಗೆಯುವ ಘಟಕವೂ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಬಂದವು. 2005ರಲ್ಲಿ ‘ಮೈಸೂರು ರೇಷ್ಮೆ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಮೈಸೂರು ಕ್ರೇಪ್ ಸೀರೆಯ ಒಡಲು ಸಾಮಾನ್ಯವಾಗಿ ಒಂದೇ ಬಣ್ಣದ್ದಾಗಿರುವುದನ್ನು ನೀವು ಗಮನಿಸಿರಬಹುದು. ಇದಕ್ಕೆ ಕಾರಣವಿದೆ. ಇಳಕಲ್ ಸೀರೆಗೆ ನೂಲಿಗೇ ಬಣ್ಣ ಹಾಕಿ ಆಮೇಲೆ ನೇಯುತ್ತಾರೆ. ಆದುದರಿಂದ ಒಡಲಿಗೊಂದು, ದಡಿಗೊಂದು, ಸೆರಗಿಗೊಂದು ಬಣ್ಣ ಸಾಧ್ಯ. ಸಾಂಪ್ರದಾಯಿಕ ಮೈಸೂರು ಕ್ರೇಪನ್ನು ಮೊದಲು ಬಿಳಿಯಾಗಿಯೇ ಜರಿಯ ದಡಿಯೊಡನೆ ನೇಯ್ದು, ಅಂಟನ್ನು ತೆಗೆದು, ಅನಂತರ ಇಡೀ ಸೀರೆಯನ್ನೇ ಬಣ್ಣದಲ್ಲಿ ಅದ್ದುತ್ತಾರೆ. ಜರಿಗೆ ಬಣ್ಣ ಹಿಡಿಯದೆ ಹೊನ್ನಿನ ಗೆರೆ ಹಾಗೆಯೇ ಉಳಿಯುತ್ತದೆ. ಒಂದು ಬಣ್ಣ, ಒಂದು ಹೊನ್ನಿನ ಅಂಚು ಎಂಬ ಅದರ ಸರಳ ಸೊಬಗು ತಯಾರಿಕೆಯ ಕ್ರಮದಿಂದಲೇ ಹುಟ್ಟಿದ್ದು. ಅದರ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿಯೂ 0.65 ಪಾಲು ಚಿನ್ನವೂ ಇರುತ್ತವೆಂದು ನಿಗಮ ಹೇಳುತ್ತದೆ.

ಅಂಗಡಿಯಲ್ಲಿ ನೋಡತಕ್ಕದ್ದು

ವೈಶಾಖದ ಮದುವೆಗೆ ಬಟ್ಟೆ ಕೊಳ್ಳುವವರು ಮೊದಲು ನೆನೆಯಬೇಕಾದದ್ದು ನಮ್ಮ ಸೀಮೆಯ ಬಿಸಿಲನ್ನು. ರೇಷ್ಮೆ ತನ್ನ ತೂಕದ ನೂರಕ್ಕೆ 11 ಪಾಲಿನಷ್ಟು ತೇವವನ್ನು ಸಹಜವಾಗಿ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿ ಸುಮಾರು 8.5 ಪಾಲು. ಪಾಲಿಯೆಸ್ಟರ್ ಹಿಡಿಯುವುದು 0.4 ಪಾಲು ಮಾತ್ರ. ಬೆವರನ್ನು ಹೀರದ ಬಟ್ಟೆ ಎಷ್ಟೇ ಹಗುರವಾಗಿದ್ದರೂ ಚಪ್ಪರದ ಸೆಕೆಯಲ್ಲಿ ಮೈಗೆ ಅಂಟಿಕೊಂಡು ಬೇಸರ ತರಿಸುತ್ತದೆ. ಸೂರತ್ತಿನಂಥ ಕೇಂದ್ರಗಳಿಂದ ಬರುವ ಪಾಲಿಯೆಸ್ಟರ್ ಕ್ರೇಪ್ ಕೆಟ್ಟದ್ದೇನೂ ಅಲ್ಲ. ಅಗ್ಗವಾಗಿದೆ, ಬೇಗ ಒಣಗುತ್ತದೆ, ಸುಕ್ಕಾಗದು, ಪ್ರಯಾಣಕ್ಕೆ ಒದಗುತ್ತದೆ. ಅದನ್ನು ಅದರ ಬೆಲೆಗೆ, ಅದರ ಹೆಸರಿನಲ್ಲಿ ಕೊಂಡರೆ ದೋಷವಿಲ್ಲ.

ಪರೀಕ್ಷೆಯ ಉಪಾಯಗಳು ಹಲವಿವೆ. ಸೀರೆಯ ತುದಿಯಲ್ಲಿ ಉಳಿದ ನೂಲಿನಿಂದ, ಅಂಗಡಿಕಾರನ ಒಪ್ಪಿಗೆ ಪಡೆದು, ಹೊಕ್ಕಿನ ಒಂದು ಎಳೆಯನ್ನು ಬಿಡಿಸಿಕೊಳ್ಳಿ. ಎರಡೂ ತುದಿ ಹಿಡಿದು ಎಳೆದು, ಅನಂತರ ಬೆರಳುಗಳನ್ನು ಹತ್ತಿರ ತನ್ನಿ. ನಿಜವಾದ ಹುರಿನೂಲಾದರೆ ಅದು ತನ್ನಷ್ಟಕ್ಕೆ ತಾನೇ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಳ್ಳದಿದ್ದರೆ, ಬಿಸಿ ಉರುಳೆಯಿಂದ ಒತ್ತಿ ಸುಕ್ಕು ಮೂಡಿಸಿದ ಬಟ್ಟೆ ಅದಾಗಿರುವ ಸಂಭವವಿದೆ. ಅಂತಹ ಸುಕ್ಕು ಒಗೆತಗಳಲ್ಲಿ ಮಾಯವಾಗಬಹುದು.

ನೂಲಿನ ಜಾತಿಯನ್ನು ತಿಳಿಯಲು ಬೆಂಕಿಯ ಪರೀಕ್ಷೆ ಹಳೆಯದು. ರೇಷ್ಮೆಯ ಎಳೆ ಮೆಲ್ಲಗೆ ಉರಿದು, ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕಪ್ಪು ಬೂದಿಯನ್ನು ಬಿಡುತ್ತದೆ. ರೇಯಾನು ಕಾಗದ ಸುಟ್ಟಂತೆ ವಾಸನೆ ಬೀರಿ ಬೇಗ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ. ಹಾಸಿನ ಎಳೆಯನ್ನೂ ಹೊಕ್ಕಿನ ಎಳೆಯನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಹಾಸು ಒಂದು, ಹೊಕ್ಕು ಇನ್ನೊಂದು ಇರುವ ಬಟ್ಟೆಗಳುಂಟು.

ಇಷ್ಟೆಲ್ಲ ಮಾಡಲಾಗದವರಿಗೆ ಗುರುತಿನ ಚೀಟಿ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ‘ಸಿಲ್ಕ್ ಮಾರ್ಕ್’ ಎಂಬ ಶುದ್ಧ ರೇಷ್ಮೆಯ ಗುರುತು ಬಳಕೆಗೆ ಬಂದಿತು. ಹಾಲೋಗ್ರಾಂ ಹಾಗೂ ಸಂಖ್ಯೆ ಇರುವ ಆ ಚೀಟಿಯನ್ನು ಕೇಳಿ ಪಡೆಯಿರಿ. ರಸೀದಿಯಲ್ಲಿ ಬರಿಯ ‘ಕ್ರೇಪ್ ಸೀರೆ’ ಎಂದು ಬರೆದರೆ ಒಪ್ಪದೆ, ‘ಶುದ್ಧ ರೇಷ್ಮೆ ಕ್ರೇಪ್’ ಎಂದು ಬರೆಯಿಸಿಕೊಳ್ಳಿ. ಮಾತು ಗಾಳಿಗೆ ಹೋಗುತ್ತದೆ, ಬರೆಹ ಕೈಯಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆ ಎಲ್ಲೆಡೆ ಒಂದೇ ಸಮನಾಗಿರಬೇಕು, ಎಳೆ ಸರಿದು ಸಂದು ಬಿದ್ದಿರಬಾರದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ತಾನೇ ಬಿಡಿಸಿಕೊಳ್ಳಬೇಕು. ಒಡಲು ಹಗುರವಾಗಿದ್ದು ದಡಿ ಭಾರವಾಗಿದ್ದರೆ, ದಡಿಯ ಭಾರಕ್ಕೆ ಒಡಲು ಜೋತು ಬೀಳುತ್ತದೆ. ಹಗುರ ಕ್ರೇಪಿಗೆ ಕಿರಿದಾದ ಅಂಚೇ ಶೋಭೆ.

ಹೊಲಿಗೆಗೆ ಮುನ್ನ

ಬಟ್ಟೆ ಮನೆಗೆ ಬಂದೊಡನೆ ಸೀರೆಗೆ ಫಾಲ್, ಕುಪ್ಪಸಕ್ಕೆ ಒಳಬಟ್ಟೆ ಎಂದು ದರ್ಜಿಯ ಬಳಿಗೆ ಓಡುವುದು ರೂಢಿ. ಫಾಲೂ ಒಳಬಟ್ಟೆಯೂ ಬಹುಮಟ್ಟಿಗೆ ಹತ್ತಿಯವು. ಅವು ಮೊದಲ ಒಗೆತದಲ್ಲಿ ಕುಗ್ಗುತ್ತವೆ. ಹೊಲಿದ ಮೇಲೆ ಕುಗ್ಗಿದರೆ ಕ್ರೇಪಿನ ಅಂಚನ್ನೆಲ್ಲ ಜಗ್ಗಿ ನಿರಿಗೆಗಟ್ಟಿಸುತ್ತವೆ. ಆದುದರಿಂದ ಅವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ದರ್ಜಿಗೆ ಕೊಡಬೇಕು. ಕುಪ್ಪಸವನ್ನು ತೀರ ಬಿಗಿಯಾಗಿ ಹೊಲಿಸಬಾರದು. ಬಿಗಿದ ಹೊಲಿಗೆಯ ಬಳಿಯಲ್ಲಿಯೇ ಹುರಿನೂಲು ಸರಿದು ಬಟ್ಟೆ ಬಾಯಿ ಬಿಡುತ್ತದೆ. ಸಣ್ಣ ಸೂಜಿ, ಒಳಗೆ ತುಸು ಹೆಚ್ಚು ಬಟ್ಟೆ, ಇವೆರಡನ್ನು ದರ್ಜಿಗೆ ಹೇಳಿ ಮಾಡಿಸಬೇಕು.

ಉಟ್ಟಾಗ

ಹಗುರ ಬಟ್ಟೆಗೆ ದೊಡ್ಡ ಶತ್ರು ಮೊನಚು. ಬಳೆಯ ಒಡಕು, ಉಂಗುರದ ಹರಳು, ದಪ್ಪ ಪಿನ್ನು ಇವು ಎಳೆಯನ್ನು ಕೀಳುತ್ತವೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಧರಿಸುವವರು ಅದರ ಅಂಚು, ಕೊಂಡಿಗಳು ನುಣುಪಾಗಿರುವುದನ್ನು ನೋಡಿಕೊಳ್ಳಬೇಕು. ಪೂಜೆಯ ವೇಳೆ ಮಡಿಲಿಗೆ ವಿಭೂತಿ ಉದುರಿದರೆ ಒದ್ದೆ ಕೈಯಿಂದ ಒರೆಸಬಾರದು. ಬೂದಿ ಕ್ಷಾರಗುಣದ್ದು, ನೀರು ತಾಗಿದರೆ ಬಣ್ಣದ ಮೇಲೆ ಗುರುತು ಬಿಡಬಹುದು. ಒಣಗಿದಂತೆಯೇ ಕೊಡವಿದರೆ ಹೋಗುತ್ತದೆ. ಅತ್ತರು, ಸೆಂಟುಗಳನ್ನು ಸೀರೆ ಉಡುವ ಮುಂಚೆ ಮೈಗೆ ಹಚ್ಚಿಕೊಂಡು ಒಣಗಲು ಬಿಡಬೇಕು, ಜರಿಯ ಮೇಲೆ ಸಿಂಪಡಿಸಬಾರದು.

ಇನ್ನೊಂದು ಎಚ್ಚರಿಕೆಯನ್ನು ತಾಯಂದಿರು ಮನಸ್ಸಿಗೆ ತಂದುಕೊಳ್ಳಬೇಕು. ಹಗುರವಾದ ಸೆರಗು ಗಾಳಿಗೆ ಬೇಗ ಹಾರುತ್ತದೆ. ದೀಪದ ಬಳಿ, ಒಲೆಯ ಬಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ನಿಲ್ಲಬೇಕು. ಪಾಲಿಯೆಸ್ಟರ್ ಕ್ರೇಪಂತೂ ಉರಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ, ಸುಟ್ಟ ಗಾಯ ಆಳವಾಗುತ್ತದೆ. ಅಡುಗೆಮನೆಗೆ ಹತ್ತಿಯ ಸೀರೆಯೇ ಲೇಸು. ಆರತಿ ತಟ್ಟೆ ಹಿಡಿಯುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಚಿಕ್ಕಂದಿನಿಂದಲೇ ಕಲಿಸಬೇಕು.

ಒಗೆಯುವ ವಿಧಾನ

ನೇಯ್ದ ಜೇಡರ ದಾಸಿಮಯ್ಯನನ್ನೂ ಶರಣರ ಬಟ್ಟೆ ಒಗೆದ ಮಡಿವಾಳ ಮಾಚಿದೇವನನ್ನೂ ಒಂದೇ ಗೌರವದಿಂದ ನೆನೆಯುವ ಸಮಾಜ ನಮ್ಮದು. ನೇಯುವುದು ಎಷ್ಟು ದೊಡ್ಡ ವಿದ್ಯೆಯೋ ಒಗೆಯುವುದೂ ಅಷ್ಟೇ ದೊಡ್ಡ ವಿದ್ಯೆ. ನೇಕಾರನ ತಿಂಗಳ ಶ್ರಮವನ್ನು ಒಗೆಯುವವರ ಒಂದು ಗಳಿಗೆಯ ಅಜಾಗ್ರತೆ ಹಾಳುಮಾಡಬಲ್ಲದು.

ಜರಿ ಇರುವ ರೇಷ್ಮೆ ಕ್ರೇಪನ್ನು ಡ್ರೈ ಕ್ಲೀನಿಂಗಿಗೆ ಕೊಡುವುದೇ ಕ್ಷೇಮ. ಜರಿಯಿಲ್ಲದ ಸಾದಾ ಕ್ರೇಪನ್ನು ಮನೆಯಲ್ಲಿ ಒಗೆಯಬಹುದು. ಮೊದಲು, ಕಾಣದ ಮೂಲೆಯೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಬಿಟ್ಟರೆ ಮನೆಯಲ್ಲಿ ಒಗೆಯುವ ಯೋಚನೆ ಬಿಡಿ.

ಎರಡನೆಯದು ನೀರು. ನಮ್ಮ ಸೀಮೆಯ ಹಲವು ಊರುಗಳ ಕೊಳವೆಬಾವಿಯ ನೀರು ಗಡಸು. ಬೇಳೆ ಬೇಗ ಬೇಯದ ನೀರು ರೇಷ್ಮೆಗೂ ಒಳ್ಳೆಯದಲ್ಲವೆಂದು ತಿಳಿಯಿರಿ. ಅಂತಹ ನೀರಿನಲ್ಲಿ ಸಾಬೂನು ನೊರೆಗಟ್ಟದೆ ಜಿಡ್ಡಾಗಿ ಎಳೆಗಳಿಗೆ ಅಂಟಿಕೊಂಡು ಹೊಳಪನ್ನು ಮಂಕುಮಾಡುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ಇಲ್ಲವಾದರೆ ಕುದಿಸಿ, ಆರಿಸಿ, ತಿಳಿ ಬಸಿದ ನೀರು. ಕುದಿಸುವುದರಿಂದ ಗಡಸಿನ ಒಂದು ಭಾಗ ಪಾತ್ರೆಯ ತಳದಲ್ಲಿಯೇ ಉಳಿಯುತ್ತದೆ.

ಮೂರನೆಯದು ಸಾಬೂನು. ರೇಷ್ಮೆ ಕೂದಲಿನಂತೆ ಪ್ರಾಣಿಜನ್ಯ. ತಲೆಗೂದಲಿಗೆ ಹಾಕದ ಸೋಡಾವನ್ನು ರೇಷ್ಮೆಗೂ ಹಾಕಬಾರದು. ಬೀಜ ತೆಗೆದ ಹತ್ತು-ಹನ್ನೆರಡು ಅಂಟುವಾಳಕಾಯಿಗಳನ್ನು ರಾತ್ರಿ ನೆನೆಯಿಟ್ಟು, ಕಿವುಚಿ, ಸೋಸಿದ ನೊರೆನೀರು ಗಾಢ ಬಣ್ಣದ ರೇಷ್ಮೆಗೆ ಹೇಳಿಮಾಡಿಸಿದಂತಿದೆ. ತಿಳಿ ಬಣ್ಣಗಳಿಗೆ ಅಂಟುವಾಳದ ಕಂದು ಹತ್ತಬಹುದಾದ್ದರಿಂದ, ರೇಷ್ಮೆಗೆಂದೇ ದೊರೆಯುವ ಸೌಮ್ಯ ದ್ರವ ಸಾಬೂನು ಸಾಕು. ಬಟ್ಟೆ ಬಿಳುಪು ಮಾಡುವ ಬ್ಲೀಚಿಂಗ್ ದ್ರವವನ್ನಂತೂ ಹತ್ತಿರಕ್ಕೂ ತರಬಾರದು. ಅದು ರೇಷ್ಮೆಯನ್ನೇ ತಿನ್ನುತ್ತದೆ.

ತಣ್ಣೀರಿನಲ್ಲಿ ಮೂರು-ನಾಲ್ಕು ನಿಮಿಷ ಮಾತ್ರ ಅದ್ದಿ, ಅಂಗೈಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಕಲ್ಲಿಗೆ ಬಡಿಯುವುದು, ಬ್ರಷ್ಷಿನಿಂದ ಉಜ್ಜುವುದು, ಹಿಂಡುವುದು ಮೂರೂ ನಿಷಿದ್ಧ. ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿದರೆ ಉಳಿದ ಕ್ಷಾರ ಕಳೆದು ಹೊಳಪು ಮರಳುತ್ತದೆ. ದಪ್ಪ ಟವೆಲಿನ ಮೇಲೆ ಹರಡಿ, ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಒದ್ದೆಯಾದಾಗ ಹುರಿ ಬಿಗಿದು ಕ್ರೇಪ್ ಕುಗ್ಗುವುದು ಸಹಜ, ಗಾಬರಿಯಾಗಬೇಕಿಲ್ಲ. ನೆರಳಿನಲ್ಲಿ ಹರಡಿ, ಹಸಿ ಇರುವಾಗಲೇ ಅಂಚುಗಳನ್ನು ಹಗುರವಾಗಿ ಸರಿಪಡಿಸಿದರೆ ಬಹುಮಟ್ಟಿಗೆ ಮೊದಲಿನ ಅಳತೆಗೆ ಬರುತ್ತದೆ. ಒಂದೇ ತುದಿಯಿಂದ ನೇತುಹಾಕಿದರೆ ಮಾತ್ರ ನೀರಿನ ಭಾರಕ್ಕೆ ಜಗ್ಗಿ ಶಾಶ್ವತವಾಗಿ ಸೊಟ್ಟಗಾಗುತ್ತದೆ.

ಕಲೆಗಳ ವಿಷಯದಲ್ಲಿ ಎರಡು ಮಾತು. ಎಣ್ಣೆ-ತುಪ್ಪ ಬಿದ್ದರೆ ನೀರು ಹಾಕದೆ ಟಾಲ್ಕಮ್ ಪುಡಿಯನ್ನು ಉದುರಿಸಿ, ಕೆಲವು ಗಂಟೆ ಬಿಟ್ಟು ಕೊಡವಿ. ಅರಿಷಿಣದ ಕಲೆಗೆ ಸಾಬೂನು ತಾಗಿಸಿದರೆ ಕೆಂಪಾಗುತ್ತದೆ. ಅದನ್ನು ಮುಟ್ಟದೆ ಡ್ರೈ ಕ್ಲೀನಿಂಗಿನವರಿಗೆ ತೋರಿಸಿ, ಇದು ಅರಿಷಿಣದ್ದೆಂದು ಹೇಳಿ ಕೊಡಿ.

ಇಸ್ತ್ರಿ ಮತ್ತು ಪೆಟ್ಟಿಗೆ

ಕ್ರೇಪಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಬಾರದು, ಹನಿಹನಿಯಾಗಿ ಗುರುತು ಉಳಿಯುತ್ತದೆ. ಬಟ್ಟೆಯನ್ನು ಮಗುಚಿ, ಮೇಲೆ ತೆಳುವಾದ ಹತ್ತಿಯ ಬಟ್ಟೆ ಹಾಸಿ, ಪೆಟ್ಟಿಗೆಯಲ್ಲಿ ರೇಷ್ಮೆಯೆಂದು ಗುರುತಿಸಿರುವ ಕಾವಿನಲ್ಲಿ ಹಗುರವಾಗಿ ಒತ್ತಬೇಕು. ಬಲವಾಗಿ ಒತ್ತಿ ಎಳೆದರೆ ಸುಕ್ಕಿನ ನವಿರು ಚಪ್ಪಟೆಯಾಗಿ, ಕ್ರೇಪ್ ತನ್ನ ಕ್ರೇಪುತನವನ್ನೇ ಕಳೆದುಕೊಳ್ಳುತ್ತದೆ. ಗಂಜಿ ಹಾಕಿದರೆ ಹಗುರ ಇಳಿಜಾರಿನ ಚೆಲುವು ಹೋಗಿ ಬಟ್ಟೆ ಸೆಟೆದು ನಿಲ್ಲುತ್ತದೆ. ಗಂಜಿ ಹತ್ತಿಗೆ ಸರಿ, ಕ್ರೇಪಿಗೆ ಬೇಡ.

ಉಟ್ಟು ಬಿಚ್ಚಿದ ಸೀರೆಯನ್ನು ಬೆವರಿನ ಸಮೇತ ಮಡಚಿಡಬಾರದು. ಒಂದು ರಾತ್ರಿ ನೆರಳಿನಲ್ಲಿ ಗಾಳಿಗೆ ಬಿಟ್ಟು, ಆಮೇಲೆ ಒಗೆದ, ಗಂಜಿಯಿಲ್ಲದ ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ, ಜರಿ ಕಪ್ಪಾಗುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಅದರ ಬದಲು ಒಣಗಿದ ಬೇವಿನ ಸೊಪ್ಪನ್ನೋ ಬಜೆಯ ಬೇರನ್ನೋ ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡುವುದು ನಮ್ಮ ಹಿರಿಯರ ಪದ್ಧತಿ. ಮೂರು ತಿಂಗಳಿಗೊಮ್ಮೆ ತೆಗೆದು, ಗಾಳಿಯಾಡಿಸಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಮಡಚಿರಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ್ದ ರೇಷ್ಮೆ ಆ ಗೆರೆಯಲ್ಲಿಯೇ ಸೀಳುತ್ತದೆ.

ಉಡುವುದಕ್ಕಾಗಿ ವಸ್ತ್ರ

ಒಂದು ಮಾತನ್ನು ಹೇಳಿ ಮುಗಿಸುವೆ. ಮದುವೆಗೆಂದು ಸಾಲ ತೆಗೆದು ಕೊಂಡ ಭಾರಿ ಜರಿಯ ಸೀರೆ ಒಂದು ದಿನ ಉಟ್ಟು ಪೆಟ್ಟಿಗೆ ಸೇರುತ್ತದೆ. ಅದನ್ನು ಉಟ್ಟು ಕೆಲಸ ಮಾಡಲಾಗದು, ಪ್ರಯಾಣ ಮಾಡಲಾಗದು, ಮಗುವನ್ನು ಎತ್ತಿಕೊಳ್ಳಲಾಗದು. ವರ್ಷಗಳು ಕಳೆದು ತೆಗೆದಾಗ ಮಡಿಕೆಯಲ್ಲಿ ಸೀಳಿರುತ್ತದೆ, ಸಾಲ ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಜವಳಿಗೂ ಸಲ್ಲುತ್ತದೆ. ಕಿರಿಯಂಚಿನ ಒಂದು ಒಳ್ಳೆಯ ಕ್ರೇಪ್ ಸೀರೆಯಾದರೋ ಮದುವೆಗೂ ಆದೀತು, ಜಾತ್ರೆ-ಉತ್ಸವಕ್ಕೂ ಆದೀತು, ಶಾಲೆ-ಕಚೇರಿಗಳ ಸಮಾರಂಭಕ್ಕೂ ಆದೀತು. ಆರೈಕೆಯಿಂದ ನೋಡಿಕೊಂಡರೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟೀತು.

ಬಡ ಮನೆಯ ಹೆಣ್ಣುಮಕ್ಕಳು ರೇಷ್ಮೆಯನ್ನೇ ಉಡಬೇಕೆಂದಿಲ್ಲ. ಶುಭ್ರವಾದ ಹತ್ತಿಯ ಸೀರೆಗಿಂತ ದೊಡ್ಡ ಅಲಂಕಾರವೂ ಇಲ್ಲ. ಆದರೆ ರೇಷ್ಮೆಯನ್ನು ಕೊಳ್ಳುವುದೇ ಆದರೆ ತಿಳಿದು ಕೊಳ್ಳಿರಿ, ಕೊಂಡ ಮೇಲೆ ಉಡಿರಿ, ಉಟ್ಟ ಮೇಲೆ ಕಾಪಾಡಿರಿ. ಹುಳು ನೂತು, ರೈತ ಸಾಕಿ, ನೇಕಾರ ಹುರಿಗೊಳಿಸಿ ನೇಯ್ದ ಎಳೆ ಅದು. ಅಷ್ಟು ಜೀವಗಳ ದುಡಿಮೆಗೆ ಮನೆಯವರ ಹಗುರ ಕೈಯ ಆದರವೂ ಸೇರಿದಾಗಲೇ ಆ ವಸ್ತ್ರ ಸಾರ್ಥಕವಾಗುತ್ತದೆ.